ಕಿವಿಯೊಳಗಿನ ಸುಂಯ್

ಪರರನ್ನು ಸುಮ್ಮನಿರಿಸುವುದೇ ನನ್ನ ಕಸುಬು. ಶಹಾಪುರದ ಕಾಲೇಜೊಂದರ ಗ್ರಂಥಾಲಯದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಅದಕ್ಕೇ ಸಂಬಳ ತೆಗೆದುಕೊಳ್ಳುತ್ತಿದ್ದೇನೆ. ಅಂಥವಳ ಕಿವಿಯೊಳಗೇ ಒಂದು ಸದ್ದು ಬಂದು ಕೂತು, ಎಷ್ಟು ಗದರಿದರೂ ಏಳುವುದಿಲ್ಲವೆಂದರೆ ಸಿಟ್ಟು ಬರಬಾರದೇ? ಕುಕ್ಕರ್ ಸೀಟಿ ಹೊಡೆಯುವ ಮುಂಚೆ ಸುಂಯ್ ಅನ್ನುತ್ತದಲ್ಲ, ಅದೇ ಸದ್ದು. ಸೀಟಿ ಮಾತ್ರ ಹೊಡೆಯುವುದಿಲ್ಲ.

ಸದ್ದಿಗಿಂತ ಸಲಹೆಗಳ ಮೇಲೆ ನನಗೆ ಹೆಚ್ಚು ಸಿಟ್ಟು. ನನ್ನ ಗಂಡ ಬಳ್ಳೊಳ್ಳಿ ಜಜ್ಜಿ, ಎಣ್ಣೆಯಲ್ಲಿ ಕಾಯಿಸಿ ತಂದರು. "ಹೊಳ್ಳಿ ಮಲ್ಕೋ, ಎರಡ ಹನಿ ಅಷ್ಟ." ಎರಡು ದಿನ ಕಿವಿ ಒಗ್ಗರಣೆಯ ವಾಸನೆ ಹೊಡೆಯಿತು, ಸುಂಯ್ ಹಾಗೇ ಇತ್ತು. ಎದುರು ಮನೆಯ ಹಿರಿಯರಂತೂ ಕೈಯನ್ನೇ ಮುಗಿದರು. "ಅನಾಹತ ನಾದರೀ ಮೇಡಂ ಅದು! ಯೋಗಿಗಳು ಮೂಗ ಹಿಡ್ಕೊಂಡು ವರ್ಷಾನುಗಟ್ಲೆ ಕುಂತರೂ ಕೇಳಂಗಿಲ್ಲ. ನಿಮಗ ಪುಕ್ಕಟ ಬಂದದ." ನನಗೆ ತಿಳಿದ ಮಟ್ಟಿಗೆ ಯೋಗಶಾಸ್ತ್ರದವರು ಆ ನಾದವನ್ನು ಘಂಟೆ, ಕೊಳಲು, ದುಂಬಿಗೆ ಹೋಲಿಸಿದ್ದಾರೆ, ಕುಕ್ಕರಿನ ಮಾತು ಯಾರೂ ಎತ್ತಿಲ್ಲ.

ಇದನ್ನೆಲ್ಲ ಸಹಿಸಬಹುದಿತ್ತು. ಸುರಪುರದಲ್ಲಿರುವ ನನ್ನ ತಂಗಿ ಮಹಾದೇವಿ ಫೋನು ಮಾಡುವುದನ್ನೇ ಬಿಟ್ಟದ್ದನ್ನು ಸಹಿಸಲಾಗಲಿಲ್ಲ. ದಿನಾ ಸಂಜೆ ಮಾತಾಡುತ್ತಿದ್ದವರು ನಾವು. ಕೊನೆಯ ಸಲ ಅವಳು, ಗರ್ಭಕೋಶದ ಆಪರೇಷನ್ ಆಗಬೇಕಂತೆ ಎಂದು ಹೇಳಿದ್ದಳು. ಅದು ನನಗೆ ಗೊತ್ತಾದದ್ದು ಆಮೇಲೆ, ಆಗ ಏನೂ ಕೇಳಿಸಿರಲಿಲ್ಲ. ಮತ್ತೆ ಮತ್ತೆ ಕೇಳುವ ಸಂಕೋಚಕ್ಕೆ "ಛಲೋ ಆತು ಬಿಡು" ಅಂದಿದ್ದೆ.

"ಗ್ವಾಡಿಗೆ ಹೇಳಿದ್ರ ಸುಮ್ನರ ಇರ್ತದಕ್ಕ, ಹಿಂಗ ಅನ್ನಂಗಿಲ್ಲ" ಎಂದು ಕಿರುಚಿ ಫೋನು ಇಟ್ಟಳು. ಅದು ಸ್ಪಷ್ಟವಾಗಿ ಕೇಳಿಸಿತು.

ತಪ್ಪೆಲ್ಲ ಸುಂಯ್‌ನದೇ ಎಂದುಕೊಂಡು ಯಾದಗಿರಿಯ ಕಿವಿ ಡಾಕ್ಟರರ ಬಳಿ ಹೋದೆ. "ಯಾವಾಗಿಂದ ಅದರಿ ಇದು?" ಎಂದರು. ಹೋದ ವರ್ಷ ಮದುವೆಯೊಂದರಲ್ಲಿ ಡಿಜೆ ಪಕ್ಕ ಕೂತಂದಿನಿಂದ ಎಂದು ಕೋರ್ಟಿನ ಸಾಕ್ಷಿಯಂತೆ ಹೇಳಿದೆ. ಅವರು ಕಿವಿಯೊಳಗೆ ನೋಡಿದರು, ಎಣ್ಣೆ ಹಾಕಿದ್ದಕ್ಕೆ ಬೈದರು, ಸದ್ದು ಹೊಗದ ಕೋಣೆಯೊಂದರಲ್ಲಿ ಕೂರಿಸಿ ಶ್ರವಣ ಪರೀಕ್ಷೆ ಮಾಡಿಸಿದರು. ಆಮೇಲೆ ಕಾಗದ ತೋರಿಸಿದರು. "ಎರಡೂ ಕಿವಿಗೆ ಸಣ್ಣ ಸ್ವರ ಕೇಳಾಕತ್ತಿಲ್ರಿ. ಇದು ಒಂದ ಮದುವಿ ಕೆಲಸ ಅಲ್ಲ, ಭಾಳ ವರ್ಷದ್ದು. ಹೊರಗಿನ ಸಪ್ಪಳ ಕಮ್ಮಿ ಆದ್ರ ಮಿದುಳು ಸುಮ್ನ ಕೂಡಂಗಿಲ್ಲ, ತಾನ ವಾಲ್ಯೂಮ್ ಏರಸ್ತದ. ಅದ ನಿಮ್ಮ ಸುಂಯ್."

ಸುಂಯ್ ಅಳಿಸುವ ಗುಳಿಗೆ ಇಲ್ಲವಂತೆ. ಕಿವಿಗೆ ಯಂತ್ರ ಹಾಕಿಕೊಂಡರೆ, ಸುತ್ತ ಸ್ವಲ್ಪ ಸದ್ದಿಟ್ಟುಕೊಂಡರೆ, ಅತ್ತ ಗಮನ ಹೋಗುವುದು ಮೆಲ್ಲಗೆ ಕಡಿಮೆಯಾಗುತ್ತದಂತೆ. ನಾನು, ಕಿವುಡಿ? ಅವರ ಮಾತು ಸುಳ್ಳೆಂದು ತೋರಿಸಲು ಮನೆಗೆ ಬಂದು ಡೈರಿ ತೆರೆದೆ. ನೆನಪನ್ನು ನಾನು ನಂಬುವವಳಲ್ಲ. ಡೈರಿ ಬರೆಯುವುದೇ ಅದಕ್ಕೆ.

ಮದುವೆಯ ದಿನ "ಡಿಜೆ ವಿಪರೀತ, ಊಟ ಮಾಡದೆ ಎದ್ದು ಬಂದೆ" ಎಂದಷ್ಟೇ ಇತ್ತು. ಅದಕ್ಕೆ ಮೂರು ವರ್ಷ ಹಿಂದಿನ ಪುಟದಲ್ಲಿ: "ಹುಡುಗರು ಈಚೆಗೆ ಬಾಯೊಳಗೇ ಮಾತಾಡುತ್ತಾರೆ." ಮುಂದೆ: "ಇವರೂ ಗೊಣಗಲು ಶುರುಮಾಡಿದ್ದಾರೆ." ಇನ್ನೂ ಮುಂದೆ: "ಮಹಾದೇವಿಯ ದನಿ ಹೂತುಹೋಗಿದೆ. ಗಂಟಲು ತೋರಿಸಲು ಹೇಳಿದೆ."

ನಾವು ಉಪ್ಪು ಕೇಳಿದರೂ ಮೈಸೂರಿನವರು ಜಗಳವೆಂದು ತಿಳಿಯುವ ಸೀಮೆ ನಮ್ಮದು. ಇಂಥ ಕಡೆ ಇಡೀ ತಾಲ್ಲೂಕೇ ಪಿಸುಗುಡತೊಡಗಿದೆ ಎಂದು ನಾಲ್ಕು ವರ್ಷ ನಂಬಿದ್ದೆನಲ್ಲ! ಡಾಕ್ಟರರ ಮೇಲಿದ್ದ ಸಿಟ್ಟನ್ನು ಈಗ ಎಲ್ಲಿಡಲಿ?

ಕಿವಿಗೆ ಯಂತ್ರ ಹಾಕಿಕೊಂಡು ಸುರಪುರದ ಬಸ್ಸು ಹತ್ತಿದೆ. ಮಹಾದೇವಿ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ನನ್ನನ್ನು ಕಂಡು ಇನ್ನೂ ಜೋರಾಗಿ ಬಡಿದಳು. ಅವಳ ಗಂಟಲಿನ ಮಾತು ಬರೆದಿದ್ದ ಡೈರಿಯ ಪುಟವನ್ನು ಮುಂದೆ ಹಿಡಿದೆ. ಓದಿದಳು, ನನ್ನ ಕಿವಿಯ ಯಂತ್ರ ನೋಡಿದಳು.

"ಎರಡ ತಿಂಗಳ ನನಗ ಕಷಾಯ ಕುಡಿಸಿದ್ಯಲ್ಲ ಅಕ್ಕ! ಕಿವಿ ನಿಂದು, ಔಷಧ ನನ್ನ ಗಂಟಲಿಗೆ!"

ಬೈದು ನಕ್ಕು, ಒಲೆ ಸಣ್ಣ ಮಾಡಿ, ಆಪರೇಷನ್ನಿನ ಸುದ್ದಿಯನ್ನು ಮೊದಲಿನಿಂದ ಹೇಳಿದಳು. ತೀರ ಸಣ್ಣ ದನಿಯಲ್ಲಿ. ನಮ್ಮವರು ಸಿಟ್ಟನ್ನು ಊರಿಗೆ ಕೇಳುವಂತೆ ಆಡುತ್ತಾರೆ, ಹೆದರಿಕೆಯನ್ನು ಪಕ್ಕದವರಿಗಷ್ಟೇ ಹೇಳುತ್ತಾರೆ. ನಾನು ಇಷ್ಟು ವರ್ಷ ಕಳೆದುಕೊಂಡದ್ದು ಆ ದನಿಯನ್ನು. ಸುಂಯ್ ಆಗಲೂ ಇದ್ದಿರಬೇಕು, ನೋಡಲು ಪುರುಸೊತ್ತಿರಲಿಲ್ಲ.

"ಸೋಮವಾರ ನನ್ನ ಜೋಡಿ ದವಾಖಾನಿಗೆ ನೀ ಬಾ" ಎಂದಳು. "ಡಾಕ್ಟರು ಹೇಳಾಕ ಹತ್ತಿದ್ರ ಹೆದರಿಕ್ಯಾಗ ನನಗೇನೂ ಕೇಳ್ಸಂಗಿಲ್ಲ. ನೀ ಕೇಳಿ ನನಗ ಹೇಳು."

ಕಿವಿಗೆ ಯಂತ್ರ ಹಾಕಿಕೊಂಡವಳನ್ನೇ ತನ್ನ ಕಿವಿಯೆಂದು ಕರೆತರುವ ರೋಗಿಯನ್ನು ಅವಳ ಆಪರೇಷನ್ನಿನ ಡಾಕ್ಟರರು ಇನ್ನೂ ನೋಡಿರಲಿಕ್ಕಿಲ್ಲ. ಸೋಮವಾರ ನೋಡುತ್ತಾರೆ.