ಮೂವರು ಕಾವಲುಗಾರರು ಮತ್ತು ಒಂದು ಮದುವೆ ಕಾರ್ಡು

ನಾನು ಶಾಲೆಯಲ್ಲಿ ಓದಿದ್ದು ಏಳನೇ ತರಗತಿವರೆಗೆ. ಆಮೇಲೆ ಓದಿದ್ದೆಲ್ಲ ಶಟರು ಮತ್ತು ಬೀಗ. ದಾವಣಗೆರೆ, ಹರಿಹರದ ಅಂಗಡಿಗಳಿಗೆ ರೋಲಿಂಗ್ ಶಟರ್ ಕೂರಿಸುವುದು, ಕೆಟ್ಟದ್ದನ್ನು ರಿಪೇರಿ ಮಾಡುವುದು ನನ್ನ ಕಸುಬು. ವಿನೋಬನಗರದಲ್ಲಿ ಒಂದು ಶೆಡ್ಡು ಇಟ್ಟುಕೊಂಡಿದ್ದೇನೆ. ರಸ್ತೆಯಲ್ಲಿ ಹೋಗುತ್ತಾ ಯಾರೋ ಶಟರ್ ಎಳೆದ ಸದ್ದು ಕೇಳಿದರೆ ಸಾಕು, ಸ್ಪ್ರಿಂಗ್ ಸಡಿಲವಾಗಿದೆಯೋ ಪಟ್ಟಿ ಬಾಗಿದೆಯೋ ಹೇಳಬಲ್ಲೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಸ್ವಲ್ಪ ಜಂಬವೂ ಇದೆ, ಇರಲಿ.

ನಮ್ಮ ಕಸುಬಿನಲ್ಲಿ ಒಂದು ರೂಢಿ. ವ್ಯಾಪಾರದ ಹೊತ್ತಿನಲ್ಲಿ ಶಟರ್ ಬಿಚ್ಚಲು ಯಾವ ಮಾಲೀಕನೂ ಬಿಡುವುದಿಲ್ಲ. ವಾರದ ರಜೆಯ ಹಿಂದಿನ ದಿನ ಕೀಲಿಕೈ ನನ್ನ ಕೈಗೆ ಕೊಟ್ಟು ಹೋಗುತ್ತಾರೆ. ಮರುದಿನ ನಾನೇ ಅಂಗಡಿ ತೆಗೆದು, ಸ್ಪ್ರಿಂಗ್ ಬಿಗಿಮಾಡಿ, ಗ್ರೀಸ್ ಹಚ್ಚಿ, ನಾನೇ ಬೀಗ ಹಾಕಿ, ಕೀಲಿಕೈಯನ್ನು ಅವರ ಮನೆಗೆ ಮುಟ್ಟಿಸುತ್ತೇನೆ. ಒಳಗೆ ರೇಷ್ಮೆ ಸೀರೆ ಇರಲಿ, ಬೆಳ್ಳಿ ಲೋಟ ಇರಲಿ, ನಾನು ನೋಡುವುದು ಮೇಲಿನ ಸ್ಪ್ರಿಂಗನ್ನು ಮಾತ್ರ. ಹರಿಹರದಲ್ಲಿ ಕಬ್ಬಿಣದ ಸಾಮಾನಿನ ಹಿರಿಯ ವ್ಯಾಪಾರಿ ಒಬ್ಬರಿದ್ದಾರೆ, ನಾವೆಲ್ಲ ಸಾಹೇಬರು ಎನ್ನುತ್ತೇವೆ. ಸ್ವಂತ ಅಳಿಯನಿಗೂ ಕೊಡದ ಕೀಲಿಕೈಯನ್ನು ಅವರು ನನಗೆ ಕೊಡುತ್ತಿದ್ದರು. ನನ್ನ ಆಸ್ತಿ ಎಂದರೆ ಅದೇ.

ಇಂಥ ಮನುಷ್ಯ ಸ್ಮಾರ್ಟ್‌ಫೋನ್ ಕೊಂಡ ಮೇಲೆ ಅದಕ್ಕೆ ಬೀಗ ಹಾಕದೆ ಬಿಡುತ್ತಾನೆಯೇ? ವೀಡಿಯೋ ನೋಡುವಾಗ ನಡುವೆ ಒಂದು ಜಾಹೀರಾತು ಬಂತು: ನಿಮ್ಮ ಫೋನಿನಲ್ಲಿ ವೈರಸ್ ಇದೆ, ಕೂಡಲೇ ಆ್ಯಂಟಿವೈರಸ್ ಹಾಕಿ. ಹಾಕಿದೆ. ಒಂದು ಬೀಗದ ಮೇಲೆ ನನಗೆ ನಂಬಿಕೆ ಇಲ್ಲ, ಆದ್ದರಿಂದ ಇನ್ನೊಂದು ಹಾಕಿದೆ. ಮೂರನೆಯದು ಪುಕ್ಕಟೆ ಸಿಕ್ಕಿತು, ಅದನ್ನೂ ಹಾಕಿದೆ. ಮೂವರು ಕಾವಲುಗಾರರೂ ಕೆಲಸಕ್ಕೆ ಸೇರುವ ಮೊದಲು ನನ್ನ ಫೋಟೋ, ನನ್ನ ಮೈಕು, ನನಗೆ ಗೊತ್ತಿರುವವರ ನಂಬರು, ನಾನು ಎಲ್ಲಿ ಹೋಗುತ್ತೇನೆ ಬರುತ್ತೇನೆ, ಎಲ್ಲವನ್ನೂ ಕೇಳಿದರು. ಕಾವಲು ಕಾಯುವವನಿಗೆ ಮನೆ ತೋರಿಸದೆ ಹೇಗೆ ಎಂದು ಎಲ್ಲದಕ್ಕೂ ಹೂಂ ಎಂದೆ.

ಅವರ ಕೆಲಸ ನೋಡಬೇಕಿತ್ತು. ಬೆಳಿಗ್ಗೆ ಒಬ್ಬ ಪೊರಕೆಯ ಚಿತ್ರ ತೋರಿಸಿ ಕಸ ಗುಡಿಸಿದೆ ಎನ್ನುತ್ತಿದ್ದ. ಎರಡನೆಯವನು ಹಸಿರು ಗುರಾಣಿ ಹಿಡಿದು 'ನಿಮ್ಮ ಫೋನ್ ಸುರಕ್ಷಿತ' ಎನ್ನುತ್ತಿದ್ದ, ಹಿಂದೆಯೇ ಮಂಡಿನೋವಿನ ಎಣ್ಣೆಯ ಜಾಹೀರಾತು ತೋರಿಸುತ್ತಿದ್ದ. ಮೂರನೆಯವನು ಮೊದಲನೆಯವನನ್ನೇ ಅಪಾಯಕಾರಿ ಎಂದು ದೂರು ಹೇಳುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಫೋನು ರೊಟ್ಟಿ ಹಂಚಿನಂತೆ ಬಿಸಿಯಾಗುತ್ತಿತ್ತು. ಅಷ್ಟು ಬಿಸಿಯಾಗಬೇಕಾದರೆ ಒಳಗೆ ಭಾರೀ ಕೆಲಸ ನಡೆದಿರಬೇಕು ಎಂದು ನನಗೆ ಸಮಾಧಾನ. ಸಾಹೇಬರಿಗೂ ತೋರಿಸಿ, "ನಿಮಗೂ ಹಾಕ್ಕೊಡ್ತೀನಿ ಬರ್ರಿ" ಎಂದು ಹೇಳಿ ಬಂದಿದ್ದೆ.

ಹೀಗಿರುವಾಗ ಒಂದು ದಿನ ಬೆಳಿಗ್ಗೆ, ಹದಡಿಯ ಒಬ್ಬ ರೈತರ ನಂಬರಿನಿಂದ ಮದುವೆ ಕಾರ್ಡು ಬಂತು. ಅವರ ಉಗ್ರಾಣಕ್ಕೆ ಶಟರ್ ಹಾಕಿಕೊಟ್ಟವನು ನಾನು. ನಮ್ಮ ಕಡೆ ಕರೆಯಲು ಬಂದವರ ಕಾರ್ಡನ್ನು ಅವರ ಎದುರಿಗೇ ತೆಗೆದು ನೋಡುವುದು ಮರ್ಯಾದೆ. ನೋಡದೆ ಪಕ್ಕಕ್ಕಿಟ್ಟರೆ ಅದನ್ನೇ ಮೂರು ವರ್ಷ ಆಡಿಕೊಳ್ಳುತ್ತಾರೆ. ಕೂಡಲೇ ಒತ್ತಿದೆ. ಫೋನು ತಡೆಯಿತು: ಇದು ಅಪರಿಚಿತ ಮೂಲದಿಂದ ಬಂದದ್ದು, ಹಾಕಬೇಕೆ? ನನಗೆ ಸಿಟ್ಟು ಬಂತು. ಅಪರಿಚಿತರು ಹೇಗಾಗುತ್ತಾರೆ? ಅವರ ಮನೆಯಲ್ಲಿ ಹೋಳಿಗೆ ಊಟ ಮಾಡಿದವನು ನಾನು, ಅವರ ಅಪ್ಪನ ಮುಖವೂ ಗೊತ್ತು. ಹೌದು ಎಂದು ಒತ್ತಿದೆ. ಇನ್ನೊಮ್ಮೆ ಕೇಳಿತು. ಇನ್ನೊಮ್ಮೆ ಒತ್ತಿದೆ. ಮೆಸೇಜು ಓದಲೇ ಎಂದು ಕೇಳಿತು, ಓದಿಕೋ ಎಂದೆ. ಕಾರ್ಡು ಮಾತ್ರ ತೆರೆಯಲಿಲ್ಲ. ಮೂವರು ಕಾವಲುಗಾರರಲ್ಲಿ ಒಬ್ಬನೂ ಕೆಮ್ಮಲಿಲ್ಲ. ಹಸಿರು ಗುರಾಣಿಯವನು ಎಂದಿನಂತೆ 'ಸುರಕ್ಷಿತ' ಎಂದ.

ಮಧ್ಯಾಹ್ನ ಊಟಕ್ಕೆ ಮನೆಗೆ ಬಂದು ಕೂತಿದ್ದೆ. ನಮ್ಮ ಓಣಿಯ ಚಹಾದಂಗಡಿಯವನ ಫೋನು ಬಂತು.

"ಏನಣ್ಣಾ, ಈ ವಯಸ್ಸಿನಾಗೆ ಇನ್ನೊಂದಾ? ಅತ್ತಿಗೆಗೆ ಗೊತ್ತೈತಾ?"

"ಎಂಥದ್ದೋ ಇನ್ನೊಂದು?"

"ಮದುವಿ ಕಾರ್ಡ್ ನೀನೇ ಕಳ್ಸಿ ನನ್ನೇ ಕೇಳ್ತೀಯಲ್ಲ! ಓಪನ್ನೇ ಆಗ್ತಿಲ್ಲ ಅದು. ಊಟ ಯಾವ ಛತ್ರದಾಗೆ ಅಂತನಾದ್ರೂ ಹೇಳು."

ಫೋನು ಇಡುವಷ್ಟರಲ್ಲಿ ಇನ್ನೊಂದು, ಅದರ ಹಿಂದೆ ಮತ್ತೊಂದು. ನನ್ನ ಫೋನಿನಲ್ಲಿದ್ದ ಪ್ರತಿಯೊಬ್ಬ ಅಂಗಡಿಯವನಿಗೂ ನನ್ನ ಹೆಸರಿನಲ್ಲೇ ಕಾರ್ಡು ಹೋಗಿತ್ತು. ನನ್ನ ಹೆಂಡತಿ ಸಾರಿನ ಸೌಟು ಹಿಡಿದು ನಿಂತು ಎಲ್ಲ ಕೇಳಿಸಿಕೊಂಡಳು.

"ಹುಡುಗಿ ಯಾವೂರಾಕಿ ರೀ?"

"ಸುಮ್ನಿರೇ, ತಮಾಷಿ ಬ್ಯಾಡ."

"ಇಲ್ಲಿ ಕೊಡ್ರಿ ಫೋನು."

ಮೊದಲು ನೆಟ್ ಬಂದ್ ಮಾಡಿದಳು. ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು ಸಿಮ್ ಹೊರಗೆ ಎಳೆದಳು. ಅವಳ ಮಹಿಳಾ ಸಂಘಕ್ಕೆ ಬ್ಯಾಂಕಿನವರು ಬಂದು ಇದನ್ನೆಲ್ಲ ಹೇಳಿಕೊಟ್ಟಿದ್ದರಂತೆ. ಆ ಸಭೆಗೆ ಅವಳು ಹೋದ ದಿನ, ಹೆಂಗಸರಿಗೆ ಹೊತ್ತು ಹೋಗದಿದ್ದರೆ ಹೀಗೆ ಎಂದು ನಕ್ಕವನು ನಾನು.

"ಮೂರು ಆ್ಯಂಟಿವೈರಸ್ ಇದ್ವಲ್ಲೇ!"

"ಅದು ಕಾರ್ಡಲ್ಲ ರೀ, ಕಳ್ಳ ಆ್ಯಪು. ಕಳ್ಳನ್ನ ಕೈ ಹಿಡ್ದು ಒಳಗೆ ಕರ್ಕೊಂಡು ಬಂದೋರು ನೀವು. ಪಾಪ, ನಿಮ್ ಕಡಿಯೋರು ಅಂತ ಅವು ಸುಮ್ನಿದ್ದಾವು. ಫೋನಿಗೆ ಅದರದೇ ಕಾವಲೈತೆ ರೀ. ಬ್ಯಾಡ ಅಂತ ಅದು ಹೇಳ್ಲಿಲ್ವಾ?"

ಹೇಳಿತ್ತು.

ಅವಳ ಫೋನಿನಿಂದಲೇ ಬ್ಯಾಂಕಿಗೆ ಹೇಳಿ ಖಾತೆ ನಿಲ್ಲಿಸಿದೆವು. ಪುಣ್ಯಕ್ಕೆ ಅಲ್ಲಿಗೆ ಇನ್ನೂ ಯಾರೂ ಕೈ ಹಾಕಿರಲಿಲ್ಲ. ಆಮೇಲೆ ಫೋನಿನಲ್ಲಿದ್ದದ್ದನ್ನೆಲ್ಲ ಅಳಿಸಿ ಪೂರ್ತಿ ತೊಳೆದೆವು. ಕಳ್ಳನ ಜೊತೆ ಮೂವರು ಕಾವಲುಗಾರರೂ ಹೋದರು. ಫೋನು ತಣ್ಣಗಾಯಿತು.

ನಾನು ತಣ್ಣಗಾಗಲಿಲ್ಲ. ಸ್ವಂತ ಫೋನಿನ ಬಾಗಿಲನ್ನು ಕಳ್ಳನಿಗೆ ತೆಗೆದುಕೊಟ್ಟವನ ಕೈಗೆ ಇನ್ನು ಮುಂದೆ ಯಾವ ಅಂಗಡಿಯವನು ಕೀಲಿಕೈ ಕೊಡುತ್ತಾನೆ? ನಂಬರುಗಳೆಲ್ಲ ಅಳಿಸಿಹೋಗಿದ್ದವು, ಆದರೆ ಶಟರುಗಳು ನೆನಪಿದ್ದವು. ಗಾಡಿ ಹತ್ತಿ ಒಂದೊಂದೇ ಶಟರಿನ ಮುಂದೆ ನಿಲ್ಲಿಸಿ ಹೇಳುತ್ತಾ ಹೋದೆ: ಅದನ್ನು ಒತ್ತಬೇಡಿ, ಒತ್ತಿದ್ದರೆ ಬ್ಯಾಂಕಿಗೆ ಹೇಳಿ. ವಿದ್ಯಾನಗರದಲ್ಲಿ ಒಬ್ಬ ಬೇಕರಿಯವನು, "ಕೇಕ್ ಆರ್ಡರ್ ಕೊಡೋಕೆ ಬಂದೆ ಅನ್ಕೊಂಡೆ" ಎಂದ. ನಗಬೇಕಾಯಿತು.

ಹರಿಹರ ಮುಟ್ಟುವಾಗ ಸಂಜೆ. ಮರುದಿನ ಸಾಹೇಬರ ಅಂಗಡಿಗೆ ರಜೆ. ಕೀಲಿಕೈ ಅಂದೇ ನನ್ನ ಕೈಗೆ ಬರಬೇಕಿತ್ತು.

"ಬಾರಪಾ ಮದುಮಗ" ಎಂದರು.

"ಸಾಹೇಬ್ರೇ, ಒತ್ತಿಬಿಟ್ರಾ?"

"ಒತ್ತೋನ್ಯಾರು? ಮನಿಗೆ ಬಂದು, ಕೂತು, ಚಾ ಕುಡ್ದು ಕರೀದೆ ಇರೋ ಮದುವಿಗೆ ನಾನು ಹೋಗೋನಲ್ಲ. ಅಂಥಾವು ಫೋನಾಗೆ ರಾಶಿ ಬಿದ್ದಾವೆ, ಒಂದೂ ತೆಗ್ದಿಲ್ಲ."

ಅವರ ಫೋನಿನಲ್ಲಿ ಕಾವಲುಗಾರ ಒಬ್ಬನೂ ಇರಲಿಲ್ಲ. ನನ್ನ ಫೋನಿಗೆ ಕಳ್ಳ ನುಗ್ಗಿದ್ದನ್ನು ಹೇಳಿದೆ.

"ನಿನ್ ಫೋನಾಗೆ ಮೂರು ಇದ್ವಲ್ಲ, ಹೆಂಗೆ ಬಂದ ಒಳಗೆ?" ಎಂದು ಕೇಳಿದರು.

ತಾನಾಗಿಯೇ ಬಂತು ಎಂದು ಹೇಳಬಹುದಿತ್ತು. ಫೋನಿನ ವಿಷಯದಲ್ಲಿ ಊರೆಲ್ಲ ಹಾಗೇ ಹೇಳುತ್ತದೆ.

"ನಾನೇ ತೆಗೆದೆ. ಫೋನು ಎರಡು ಸಲ ಬ್ಯಾಡ ಅಂತು."

ಸಾಹೇಬರು ನಗಲಿಲ್ಲ. ಜೇಬಿನಿಂದ ಅರ್ಧ ಹೊರಬಂದಿದ್ದ ಕೀಲಿಕೈ ಗೊಂಚಲು ಮತ್ತೆ ಜೇಬಿಗೆ ಹೋಯಿತು. "ನಾಳೆ ಬಾ. ಕೀಲಿಕೈ ಇರ್ಲಿ, ನಾನೇ ಬಂದು ತೆಗೀತೀನಿ."

ಮರುದಿನ ಅವರೇ ಶಟರ್ ತೆಗೆದು ಹೊರಗೆ ಕುರ್ಚಿ ಹಾಕಿಕೊಂಡು ಕೂತರು. ನಾನು ಏಣಿ ಹತ್ತಿದೆ. ಇಷ್ಟು ವರ್ಷಗಳಲ್ಲಿ ಯಾರೂ ಎದುರು ಕೂತು ನನ್ನ ಕೆಲಸ ಕಾದವರಿಲ್ಲ. ಬೆನ್ನ ಮೇಲೆ ಅವರ ಕಣ್ಣು ಇದ್ದಂತೆ ಅನಿಸಿ ಸ್ಪ್ಯಾನರ್ ಎರಡು ಸಲ ಜಾರಿತು. ಮಧ್ಯಾಹ್ನದ ನಮಾಜಿನ ಹೊತ್ತಾಯಿತು. ಸಾಹೇಬರು ಎದ್ದರು. ಅಂಗಡಿ ನೋಡಿದರು, ನನ್ನನ್ನು ನೋಡಿದರು. ನನ್ನನ್ನು ಇಳಿಸಿ ಬೀಗ ಹಾಕಿಕೊಂಡು ಹೋಗಬಹುದಿತ್ತು. ಟೋಪಿ ಹಾಕಿಕೊಂಡು, ಶಟರ್ ತೆರೆದೇ ಬಿಟ್ಟು ಹೊರಟರು.

ನಾನು ಏಣಿಯಿಂದ ಇಳಿದೆ. ಹೊರಗೆ ಬಂದು ಶಟರನ್ನು ಮೊಳಕಾಲಿನವರೆಗೆ ಎಳೆದು, ಅವರ ಕುರ್ಚಿಯಲ್ಲಿ ಬೀದಿಗೆ ಮುಖ ಮಾಡಿ ಕೂತೆ. ಅವರು ವಾಪಸ್ಸು ಬಂದಾಗಲೂ ಹಾಗೇ ಕೂತಿದ್ದೆ.

"ಯಾಕಪಾ, ಕೆಲಸ ನಿಲ್ಸಿ?"

"ಕಾವಲಿಗೆ ಕೂತಿದ್ದೆ ಸಾಹೇಬ್ರೇ. ನೀವು ಬಂದ್ರಲ್ಲ, ಕೂಡ್ರಿ. ಇನ್ನು ಶುರು ಮಾಡ್ತೀನಿ."

ಸಾಹೇಬರು ಕೂರಲಿಲ್ಲ. ಕುರ್ಚಿ ಮಡಚಿ ಒಳಗಿಟ್ಟು, ಗೊಂಚಲನ್ನು ಏಣಿಯ ಮೆಟ್ಟಿಲಿಗೆ ಸಿಕ್ಕಿಸಿ, "ಸಂಜೆ ಮನಿಗೆ ತಂದ್ಕೊಡು" ಎಂದು ಊಟಕ್ಕೆ ಹೋದರು.