ಪಾಚಿ ಮೂಸುತ್ತಿದ್ದ ಓನರ್ ಅಂಕಲ್

ಚಾಲೈ ಪೇಟೆಯಿಂದ ತಂದ ಹೊಸ ಬಕೆಟ್ಟಿಗೆ ಅಕ್ವೇರಿಯಂನ ಕಲ್ಲುಗಳನ್ನು ಎತ್ತಿಡುತ್ತಿದ್ದೆ. ಕೈಗೆ ಮೆತ್ತಿದ ಪಾಚಿಯಿಂದ ಹಸಿ ಸಮುದ್ರದ ವಾಸನೆ ಎದ್ದಿತು. ಮೂಗು ತಾನಾಗಿ ಮುಂದೆ ಹೋಯಿತು, ಕಣ್ಣು ಮುಚ್ಚಿಕೊಂಡಿತು. ತಿರುವನಂತಪುರದ ಈ ಮನೆಯಲ್ಲಿ ಯಾರೂ ನೋಡಲಿಲ್ಲ, ಪುಣ್ಯ. ಪಾಚಿಯನ್ನು ಹೀಗೆ ಮೂಸುವ ವಿದ್ಯೆ ನನಗೆ ಬಂದದ್ದು ಎರ್ನಾಕುಲಂನ ನಮ್ಮ ಓನರ್ ಅಂಕಲ್ ಅವರಿಂದ…

ಅವರ ಮನೆಯ ಮಹಡಿಯಲ್ಲಿ ನಾನು, ನನ್ನ ಗಂಡ ಬಾಡಿಗೆಗಿದ್ದೆವು. ಅಂಕಲ್ ಮಲಯಾಳಿ. ಆದರೆ ಮಂಗಳೂರಿನ ಬಂದರಿನಲ್ಲಿ ಬಹಳ ವರ್ಷ ದುಡಿದು ಬಂದವರಾದ್ದರಿಂದ ನನಗಿಂತ ಜೋರಾಗಿ ಕನ್ನಡ ಮಾತಾಡುತ್ತಿದ್ದರು. ನಾನು ಚಿತ್ರದುರ್ಗದ ಕಡೆಯವಳು, ಸಮುದ್ರ ನೋಡಿದ್ದೇ ಮದುವೆಯಾದ ಮೇಲೆ. ನೋಡಿದ ಮೇಲೆ ಮನೆಯೊಳಗೂ ಒಂದಿಷ್ಟು ಸಮುದ್ರ ಇರಲಿ ಅನ್ನಿಸಿತು. ಹುಚ್ಚು ಅನ್ನಿ, ಬೇಕಾದರೆ. ಉಪ್ಪುನೀರಿನ ಅಕ್ವೇರಿಯಂ ತಂದು ಹಾಲ್‌ನ ಕಿಟಕಿಯ ಪಕ್ಕ ಇಟ್ಟೆ.

ಮರುದಿನವೇ ಅಂಕಲ್ ಮೆಟ್ಟಿಲೇರಿ ಬಂದರು. ನನ್ನನ್ನು ಅವರು ಕರೆಯುತ್ತಿದ್ದುದೇ ಮೋಳೇ, ಅಂದರೆ ಮಗಳೇ, ಎಂದು. "ಎಂತ ಮೋಳೇ ಇದು? ಓಣಂಗೆ ನಮ್ಮಲ್ಲಿ ಮನೆ ತುಂಬ ನೆಂಟರು ಬರ್ತಾರೆ. ಆಗ ನಾತ ಬಂತೋ, ಇದು ಹೊರಗೆ. ಮತ್ತೆ ಬೇಜಾರು ಮಾಡ್ಲಿಕ್ಕಿಲ್ಲ."

ಅವರ ಅಡುಗೆಮನೆಯಿಂದ ದಿನವೂ ಮೇಲೇರಿ ಬರುವ ಮೀನುಸಾರಿನದು ಅವರ ಲೆಕ್ಕದಲ್ಲಿ ಘಮ, ನನ್ನ ತೊಟ್ಟಿಯದು ಮಾತ್ರ ನಾತ! ಬಾಡಿಗೆಯವಳು, ತಲೆಯಾಡಿಸಿದೆ.

ನಿಜ ಹೇಳಬೇಕೆಂದರೆ ಅದರಲ್ಲಿ ಮೀನೇ ಇರಲಿಲ್ಲ. ನೀರು ಹದಕ್ಕೆ ಬರುವ ತನಕ ಮೀನು ಬಿಡಬೇಡಿ ಎಂದು ಅಂಗಡಿಯವರು ಹೇಳಿದ್ದರು. ಹದಕ್ಕೆ ಬರುವ ಮೊದಲು ಬಂದದ್ದು ಪಾಚಿ. ಮೊದಲು ಮರಳಿನ ಮೇಲೆ ಕಾಫಿಪುಡಿ ಚೆಲ್ಲಿದ ಹಾಗೆ ಕಂದು ಧೂಳು. ಆಮೇಲೆ ಕಲ್ಲಿನ ಮೇಲೆಲ್ಲ ಹಸಿರು ಕೂದಲು. ಹಳೆಯ ಹಲ್ಲುಜ್ಜುವ ಬ್ರಷ್ ಹಿಡಿದು ಬೆಳಿಗ್ಗೆ ಉಜ್ಜಿದರೆ ಮರುದಿನ ಮತ್ತೆ ಹಾಜರ್. ಓಣಂ ಹತ್ತಿರವಾಗುತ್ತಿತ್ತು, ನನ್ನ ಸಮುದ್ರ ಬೀದಿಗೆ ಬೀಳುವ ದಿನವೂ.

ಅಂಕಲ್ ದಿನಾ ಸಂಜೆ ತಪಾಸಣೆಗೆ ಬರುತ್ತಿದ್ದರು. ತೊಟ್ಟಿಯ ಮೇಲೆ ಬಗ್ಗಿ, ಕಣ್ಣು ಮುಚ್ಚಿ, ಸಾರಿಗೆ ಉಪ್ಪು ಸಾಕೇ ಎಂದು ನೋಡುವವರ ಗಾಂಭೀರ್ಯದಲ್ಲಿ ಮೂಸುವರು. "ಇವತ್ತು ಅಡ್ಡಿಲ್ಲ" ಎಂದು ತೀರ್ಪು ಕೊಟ್ಟು ಇಳಿದು ಹೋಗುವರು. ಬರಬರುತ್ತಾ ಮೂಸುವುದು ಕಡಿಮೆಯಾಯಿತು, ಕೂರುವುದು ಜಾಸ್ತಿಯಾಯಿತು. ಒಂದು ಸಂಜೆ ಕಲ್ಲಿನ ಸಂದಿಯಿಂದ ಗುಂಡುಸೂಜಿಯ ತಲೆಯಷ್ಟು ಚಿಕ್ಕ ನಕ್ಷತ್ರಮೀನು ಹೊರಬಂತು. ನಾವು ಯಾರೂ ಕೊಂಡು ತಂದದ್ದಲ್ಲ, ಕಲ್ಲಿನ ಜೊತೆಗೇ ಬಂದು ಅಡಗಿದ್ದದ್ದು. ಅಂಕಲ್ ಮಗುವಿನ ಹಾಗೆ ಕೂಗಿ ಆಂಟಿಯನ್ನು ಕೆಳಗಿನಿಂದ ಕರೆಸಿದರು. ಆಂಟಿಗೆ ಕನ್ನಡಕವಿಲ್ಲದೆ ಏನೂ ಕಾಣಲಿಲ್ಲ. ಆದರೂ "ಚೆನ್ನಾಗಿದೆ" ಎಂದು ಮಲಯಾಳದಲ್ಲಿ ಹೇಳಿ ಹೋದರು.

ಪಾಚಿ ಮಾತ್ರ ಜಗ್ಗಲಿಲ್ಲ. ಬಿಸಿಲು ಬೀಳಬಾರದೆಂದು ಕಿಟಕಿಗೆ ದಪ್ಪ ಪರದೆ ಹಾಕಿದ್ದೆ. ಆದರೂ ಯಾಕೆ?

ಒಂದು ದಿನ ಆಫೀಸಿಗೆ ಹೋದವಳು ತಲೆನೋವೆಂದು ಬೇಗ ವಾಪಸು ಬಂದೆ. ಟೆರೇಸಿನ ಗಿಡಗಳಿಗೆ ನೀರು ಹಾಕಲು ನಮ್ಮ ಹಾಲ್ ದಾಟಿಯೇ ಹೋಗಬೇಕಿದ್ದುದರಿಂದ ಅಂಕಲ್ ಹತ್ತಿರ ಒಂದು ಕೀಲಿ ಇತ್ತು. ಬಾಗಿಲು ತೆರೆದರೆ ಪರದೆ ಪೂರ್ತಿ ಸರಿದಿದೆ, ಬಿಸಿಲು ತೊಟ್ಟಿಯ ತುಂಬಾ ಕುಣಿಯುತ್ತಿದೆ, ಎದುರಿಗೆ ಕುರ್ಚಿ ಹಾಕಿಕೊಂಡು ಅಂಕಲ್! ನಕ್ಷತ್ರಮೀನಿನ ಹತ್ತಿರ ಏನೋ ಮಾತಾಡುತ್ತಿದ್ದರು.

"ಕತ್ತಲೆಯಲ್ಲಿ ಸರಿ ಕಾಣೋದಿಲ್ಲ ಮೋಳೇ," ಎಂದರು, ಎದ್ದು ನಿಂತು. "ದಿನಾ ಸ್ವಲ್ಪ ಹೊತ್ತು ತೆಗೀತೇನೆ… ಎಂತ, ತಪ್ಪಾಯ್ತಾ?"

ಬೇಲಿಯೇ ಎದ್ದು ಹೊಲ ಮೇಯ್ದರೆ! ಪಾಚಿಯ ನಾತ ಬಂದರೆ ಹೊರಗೆ ಹಾಕುತ್ತೇನೆ ಎಂದವರೇ ದಿನಾ ಬಿಸಿಲು ತೋರಿಸಿ ಪಾಚಿ ಬೆಳೆಸುತ್ತಿದ್ದರು. ನನಗೆ ನಗು ತಡೆಯಲಾಗಲಿಲ್ಲ, ತಲೆನೋವೂ ಮರೆತುಹೋಯಿತು. ವಿಷಯ ತಿಳಿದ ಅಂಕಲ್ ಕಿವಿ ಹಿಡಿದುಕೊಂಡು, ಕೆಳಗಿಂದ ಕಂಬಳಿ ತಂದು ತಾವೇ ಕಿಟಕಿಗೆ ಮೊಳೆ ಹೊಡೆದರು. ನಾನು ಲೈಟು ಉರಿಸುವುದನ್ನು ಕಡಿಮೆ ಮಾಡಿದೆ, ಪಾಚಿ ಮೇಯಲು ಸಮುದ್ರದ ಬಸವನಹುಳುಗಳನ್ನು ತಂದು ಬಿಟ್ಟೆ. ನಿಧಾನವಾಗಿ ನೀರು ತಿಳಿಯಾಯಿತು. ಓಣಂ ಹೊತ್ತಿಗೆ ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಜೋಡಿ ಮೀನು ಬಂದವು.

ಆ ದಿನ ಅಂಕಲ್ ನೆಂಟರನ್ನೆಲ್ಲ ಪಾಯಸದ ಲೋಟದ ಸಮೇತ ಮಹಡಿಗೆ ಹತ್ತಿಸಿದರು. "ನಮ್ಮ ಸಮುದ್ರ" ಎಂದು ತೋರಿಸುತ್ತಿದ್ದರು. ನಮ್ಮ! ನನಗೆ ಎಷ್ಟು ಸಂತೋಷವಾಯಿತೆಂದರೆ ಮೂರು ಸಲ ಪಾಯಸ ಹಾಕಿಸಿಕೊಂಡೆ.

ತಿರುವನಂತಪುರಕ್ಕೆ ವರ್ಗವಾದಾಗ ತೊಟ್ಟಿಯನ್ನು ಲಾರಿಗೆ ಹಾಕಲು ಅವರು ಬಿಡಲೇ ಇಲ್ಲ. "ಕುಲುಕಾಟಕ್ಕೆ ಸಾಯ್ತಾವೆ. ಇಲ್ಲೇ ಇರಲಿ." ಭಾನುವಾರಗಳಂದು ಫೋನ್ ಮಾಡುತ್ತಿದ್ದರು. ಮಹಡಿಗೆ ಬಾಡಿಗೆಗೆ ಯಾರು ಬಂದಿದ್ದಾರೆ ಎಂದು ನಾನು ಕೇಳಿದರೆ, "ಒಳ್ಳೆಯವರು ಮೋಳೇ, ಗಲಾಟೆ ಇಲ್ಲ" ಎನ್ನುತ್ತಿದ್ದರು.

ಹೋದ ಮಳೆಗಾಲದಲ್ಲಿ ಅಂಕಲ್ ತೀರಿಕೊಂಡರು. ಹೋಗಿದ್ದೆ. ಆಂಟಿ ನನ್ನನ್ನು ಮಹಡಿಗೆ ಕರೆದುಕೊಂಡು ಹೋದರು. ಕೋಣೆಗಳೆಲ್ಲ ಖಾಲಿ. ಹಾಲ್‌ನಲ್ಲಿ ತೊಟ್ಟಿ, ಅದರಲ್ಲಿ ಜೋಡಿ ಮೀನು. ಮಕ್ಕಳಿದ್ದರೆ ಗಾಜು ತಟ್ಟುತ್ತಾರೆ, ದೊಡ್ಡವರಾದರೆ ಲೈಟು ಹಾಕಿ ಮರೆಯುತ್ತಾರೆ ಎಂದು ನೆಪ ಹೇಳಿ, ನಾವು ಬಿಟ್ಟ ಮೇಲೆ ಅವರು ಆ ಮನೆಯನ್ನು ಯಾರಿಗೂ ಕೊಟ್ಟೇ ಇರಲಿಲ್ಲವಂತೆ. ಅಲ್ಲೇ ನಿಂತು ನಕ್ಕೆ, ಆಮೇಲೆ ತುಂಬಾ ಅತ್ತೆ…

ಆಂಟಿಗೆ ಈಗ ಮಹಡಿ ಹತ್ತಲಾಗುವುದಿಲ್ಲ. ಸದ್ಯಕ್ಕೆ ಪಕ್ಕದ ಮನೆಯ ಹುಡುಗ ಮೀನುಗಳನ್ನು ನೋಡಿಕೊಳ್ಳುತ್ತಿದ್ದಾನೆ. ಆ ಮೀನುಗಳಿಗೆಂದೇ ಇಲ್ಲಿ ಹೊಸ ತೊಟ್ಟಿ ಇಟ್ಟಿದ್ದೇನೆ. ಪಾಚಿ ಬಂದಿದೆ, ಬರಲಿ, ಹೋಗುತ್ತದೆ. ನೀರು ತಿಳಿಯಾದ ಮೇಲೆ ಅವನ್ನು ಮಡಿಲಲ್ಲಿಟ್ಟುಕೊಂಡು ರೈಲಿನಲ್ಲಿ ತರುತ್ತೇನೆ. ಇಲ್ಲಿನ ತಂಪಾನೂರು ಸ್ಟೇಷನ್ನಿನಲ್ಲಿ ಇಳಿದೊಡನೆ, ಬದುಕಿವೆ ಎಂದು ಯಾರಿಗೆ ಫೋನ್ ಮಾಡಲಿ?