ಕ್ಯಾಸೆಟ್ಟಿನಲ್ಲಿ ಬಂದ ಸೀಟು

ಮೊನ್ನೆ ಹಳೆಯ ಸೂಟ್‌ಕೇಸಿನಲ್ಲಿ ಒಂದು ಕ್ಯಾಸೆಟ್ ಸಿಕ್ಕಿತು. ಮೇಲೆ ನಮ್ಮ ಪಿ.ಟಿ. ಮಾಸ್ಟರ ಅಕ್ಷರದಲ್ಲಿ 'ಗೋಲಿಗೆ' ಎಂದಿತ್ತು. ಗೋಲಿ ಎಂದರೆ ಶಾಲೆಯ ಗೋಲ್‌ಕೀಪರ್, ಅಂದರೆ ನಾನು...

ಎಂಬತ್ತರ ದಶಕದ ರಿಯಾದ್. ಮನೆ ಬತ್ಹಾ ಬಡಾವಣೆಯಲ್ಲಿ, ಬಾಪನ, ಅಂದರೆ ಅಪ್ಪನ, ಕೆಲಸ ಒಲಾಯಾ ಬಡಾವಣೆಯ ಆಫೀಸಿನಲ್ಲಿ. ಹನ್ನೆರಡನೆಯದು ಮುಗಿದ ಮೇಲೆ ನಮ್ಮಂಥವರು ಕಾಲೇಜಿಗೆ ಊರಿಗೇ ಹೋಗಬೇಕಿತ್ತು. ನನ್ನ ಮಾರ್ಕಿಗೆ ಸೀಟು ಕನಸಿನ ಮಾತು. ಫುಟ್‌ಬಾಲ್ ಕೋಟಾ ಒಂದೇ ದಾರಿ.

ಆಗ ರಜೆಗೆ ಹೋಗುವವರ ಕೈಯಲ್ಲಿ ಪತ್ರದ ಬದಲು ಮಾತು ತುಂಬಿದ ಕ್ಯಾಸೆಟ್ ಹೋಗಿಬರುತ್ತಿತ್ತು. ಮಾಸ್ಟರು ಪರೀಕ್ಷೆಗೆ ಮುಂಚಿನ ರಜೆಯಲ್ಲಿ ಮಂಗಳೂರು ಕಡೆಯ ಕಾಲೇಜೊಂದರ ಕೋಚನ್ನು ಟೇಪ್‌ರೆಕಾರ್ಡರಿನ ಮುಂದೆ ಕೂರಿಸಿದ್ದರು. "ಹುಡುಗನಿಗೆ ಸೀಟು ಇಟ್ಟಿದ್ದೇನೆ" ಎಂದಿದ್ದರು ಕೋಚ್. ಆಮೇಲೆ ಟಕ್ ಎಂಬ ಸದ್ದು, ಮಾಸ್ಟರ ದನಿ: "ಕೇಳಿತಾ? ಹೆದರುದು ಎಂತಕ್ಕೆ ಮಾರಾಯ, ನಾನಿಲ್ವಾ?"

ಕೋಚ್ ಹೇಳಿದ ಆ ಒಂದು ವಾಕ್ಯವನ್ನು ನೂರು ಸಲ ಕೇಳಿದೆ. ಟಕ್ ಎಂದೊಡನೆ ರಿವೈಂಡ್. ಕೇರಳದ ಇನ್ನೊಂದು ಕಾಲೇಜಿನ ಫಾರಂ ಕೂಡ ಬಂದಿತ್ತು. ಎರಡು ದೋಣಿಯಲ್ಲಿ ಕಾಲಿಡುವುದು ಯಾಕೆಂದು ಜಂಬದಿಂದ ಅದನ್ನು ತುಂಬದೆ ಬಿಟ್ಟೆ. ಕೊನೆಯ ದಿನವೂ ದಾಟಿತು. ಆದರೆ ಮಂಗಳೂರಿನಿಂದ ಒಂದು ಸಾಲಿನ ಕಾಗದವೂ ಬರಲಿಲ್ಲ. ಅಂಚೆ ಬರುತ್ತಿದ್ದುದು ಬಾಪನ ಆಫೀಸಿಗೆ. ಅವರು ಮನೆಗೆ ಬಂದೊಡನೆ ಮುಖ ಬಿಟ್ಟು ಕೈ ನೋಡುತ್ತಿದ್ದೆ.

ಕೊನೆಗೆ ಮಾಸ್ಟರು ಕೋಚಿಗೆ ಫೋನ್ ಮಾಡಲು ನನ್ನನ್ನು ಟೆಲಿಫೋನ್ ಕ್ಯಾಬಿನ್ನಿಗೆ ಕರೆದೊಯ್ದರು. ಗಾಜಿನಾಚೆ ಅವರ ತುಟಿ ಅಲುಗುತ್ತಿತ್ತು. ರಿಸೀವರ್ ಇಟ್ಟು ಹೊರಬಂದು ಗೋಡೆಗೆ ಒರಗಿದರು.

"ಸೀಟು ಬೇರೆಯವನಿಗೆ ಹೋಯ್ತು. 'ರಾಜ್ಯ ತಂಡದ ಹುಡುಗ ಬಂದ್ರೆ ಅವನಿಗೇ' ಅಂತಾನೂ ಕೋಚ್ ಆಗಲೇ ಕ್ಯಾಸೆಟ್ಟಿನಲ್ಲಿ ಹೇಳಿದ್ರು. ಕೇಳಿದ್ರೆ ನೀನು ಹೆದರಿ ಪರೀಕ್ಷೆಯನ್ನೂ ಕೆಡಿಸ್ತೀಯ ಅಂತ, ಅದನ್ನು ಅಳಿಸಿ ಅದರ ಮೇಲೆ ನಾನು ಮಾತಾಡಿದೆ."

ಇನ್ನು ನಿಮ್ಮ ಮುಖ ನೋಡುವುದಿಲ್ಲ ಎಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ನಾನು ಪರೀಕ್ಷೆಗಷ್ಟೇ ಓದಿದ್ದೆ. ಮರುವರ್ಷ ಅವರು ಕೆಲಸ ಬಿಟ್ಟು ಊರಿಗೆ ಮರಳಿದರು. ನಾನು ಬತ್ಹಾದಲ್ಲೇ ಅಂಗಡಿ ಸೇರಿದೆ. ಹಟವನ್ನು ಮಾತ್ರ ಚೆನ್ನಾಗಿ ಕಾಯ್ದುಕೊಂಡೆ.

ಅವರು ತೀರಿಕೊಂಡು ಮೂರು ವರ್ಷವಾಯಿತಂತೆ. ನನಗೆ ತಿಳಿದದ್ದು ಹೋದ ತಿಂಗಳು. ಪಕ್ಕದ ಮನೆಯವರ ಹಳೆಯ ಟೇಪ್‌ರೆಕಾರ್ಡರ್ ತಂದು ಕ್ಯಾಸೆಟ್ ಹಾಕಿದೆ. ಕೋಚ್ ದನಿ ತೇಯ್ದುಹೋಗಿ ಬರೀ ಗೊರಗೊರ. ಟಕ್ ಎಂದ ಮೇಲಿನದು ಮಾತ್ರ ಹೊಸದರಂತೆ ಸ್ಪಷ್ಟವಾಗಿ ಉಳಿದಿತ್ತು. "ಹೆದರುದು ಎಂತಕ್ಕೆ ಮಾರಾಯ, ನಾನಿಲ್ವಾ?"

ಇಲ್ಲ ಮಾಸ್ಟ್ರೇ, ಎಂದೆ.